ಕಿವಿ ಕೇಳದ ಅಪ್ಪನಿಗೆ ಕೇಳಿಸಿದ ಸಪ್ಪಳ

ನಮ್ಮಪ್ಪನ ಕಿವಿ ಈಗ ಅಷ್ಟಕ್ಕಷ್ಟೇ. ಎಂಬತ್ತು ದಾಟಿದ ಮೇಲೆ ಇನ್ನೇನು ಅಂತೀರಾ. ಪಕ್ಕದಲ್ಲೇ ಕೂತು "ಅಪ್ಪಾ, ಚಾಕ್ಕ ಸಕ್ಕರಿ ಸಾಕೇನು?" ಅಂತ ಕೇಳಿದರೆ, "ಅಕ್ಕ ಬಂದಾಳೇನು?" ಅಂತ ಬಾಗಿಲ ಕಡೆ ನೋಡ್ತಾನೆ. ಅಕ್ಕ ಇರೋದು ಅಫಜಲಪುರದಲ್ಲಿ, ಅಪ್ಪ ಇರೋದು ಆಳಂದದಲ್ಲಿ ಅಣ್ಣನ ಮನೆಯಲ್ಲಿ. ನಾನು ಜೇವರ್ಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡೋ ಮಾಸ್ತರ. ಶನಿವಾರ ಮಧ್ಯಾಹ್ನ ಕಲಬುರಗಿ ಮೇಲಿಂದ ಬಸ್ ಹಿಡಿದು ಆಳಂದಕ್ಕೆ ಹೋಗ್ತೀನಿ, ಸೋಮವಾರ ನಸುಕಿನಲ್ಲಿ ವಾಪಸ್.

ಹೋದ ವರ್ಷ ಅಂಥದ್ದೇ ಒಂದು ಶನಿವಾರ ರಾತ್ರಿ, ಒಂಬತ್ತೂವರೆ ಆಗಿರಬೇಕು. ಊಟ ಮುಗಿಸಿ ಎಲ್ಲರೂ ಮೊಬೈಲ್ ನೋಡ್ತಾ ಕೂತಿದ್ವಿ. ಒಳಗಿನ ಖೋಲಿಯಲ್ಲಿ ಮಲಗಿದ್ದ ಅಪ್ಪ ಗಡಬಡಿಸಿ ಎದ್ದು ಬಂದ. ಧೋತರ ಅರ್ಧ ಬಿಚ್ಚಿದೆ, ಕಾಲಲ್ಲಿ ಚಪ್ಪಲಿ ಇಲ್ಲ. ಮೊಮ್ಮಗಳ ಕೈ ಹಿಡಿದು ಎಳೀತಾ ಒಂದೇ ಸಮ ಕೂಗಲಿಕ್ಕೆ ಶುರು ಮಾಡಿದ. "ಭೂಮಿ ನಡಗಲಾಕತ್ತದ! ಏಳ್ರಿ, ಹೊರಗ ನಡೀರಿ ಎಲ್ಲಾರೂ!"

ಭೂಮಿ ನಡುಗುತ್ತಿರಲಿಲ್ಲ. ಎರಡು ಓಣಿ ಆಚೆ ಒಂದು ಮೆರವಣಿಗೆ ಹೊರಟಿತ್ತು. ಯಾವ ಹಬ್ಬದ್ದು, ಯಾವ ಜನರದ್ದು ಅಂತ ಹೇಳೋದಿಲ್ಲ. ಯಾಕಂದ್ರೆ ಈಗ ಎಲ್ಲರ ಹಬ್ಬಕ್ಕೂ, ಮದುವೆಗೂ, ಜಯಂತಿಗೂ ಅದೇ ಟ್ರ್ಯಾಕ್ಟರ್, ಅದೇ ಡಿಜೆ. ಹಾಡು ಯಾವುದು ಅಂತ ನಮಗೆ ಒಳಗೆ ಕೂತಾಗ ತಿಳೀತಾನೂ ಇರಲಿಲ್ಲ. ಬರೀ ಧಮ್... ಧಮ್... ಧಮ್. ಅಡುಗೆ ಮನೆಯ ಮಾಡದಲ್ಲಿಟ್ಟ ಸ್ಟೀಲ್ ತಾಟುಗಳು ಒಂದಕ್ಕೊಂದು ತಾಗಿ ಕಿಣಿ ಕಿಣಿ ಅಂತಿದ್ವು.

ಓಣಿಯವರೆಲ್ಲ ಹೊರಗೆ ಬಂದರು. ಸಂಗತಿ ಗೊತ್ತಾದ ಮೇಲೆ ನಕ್ಕರು. ಪಕ್ಕದ ಮನೆಯ ಹುಡುಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದ್ತಾನೆ, ಒಳ್ಳೇ ಹುಡುಗ. "ಮುತ್ಯಾ, ನಿನಗ ಮಾತೇ ಕೇಳಸಂಗಿಲ್ಲ, ಡಿಜೆ ಹ್ಯಾಂಗ ಕೇಳಸ್ತು?" ಅಂದ. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಸಂಕೋಚವಾಯಿತೇನೋ, ಫೋನ್ ತೆಗೆದು ಸದ್ದು ಅಳೆಯೋ ಆ್ಯಪ್ ತೋರಿಸಿದ. "ನೋಡ್ರಿ ಸರ್, ಐವತ್ನಾಲ್ಕು ಅದ. ಐವತ್ತೈದರ ತನಕ ನಡೀತದಲ್ರೀ. ಹತ್ತು ಗಂಟೀನೂ ಆಗಿಲ್ಲ."

ಹುಡುಗ ಹೇಳಿದ ಲೆಕ್ಕ ತಪ್ಪಲ್ಲ. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು ಬಂದಿದ್ದು 2000ನೇ ಇಸವಿಯಲ್ಲಿ. ಜನವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ಹಗಲು ಅಂದ್ರೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ. ಅಂದ್ರೆ ಲೆಕ್ಕದ ಪ್ರಕಾರ ನಮ್ಮ ಅಂಗಳದಲ್ಲಿ ತೊಂದರೆ ಏನೂ ಇರಲೇ ಇಲ್ಲ. ಅಪ್ಪ ಅಂಗಳದ ಕಟ್ಟೆ ಮೇಲೆ ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ದ, ಬೆವರಿದ್ದ. ಯಾರೋ ನೀರು ಕೊಟ್ಟರು. "ಖರೇ ಸಪ್ಪಳ ಬಂತಪ್ಪಾ" ಅಂತ ನನಗೊಬ್ಬನಿಗೇ ಕೇಳೋ ಹಾಗೆ ಹೇಳಿದ. ನಾನು ಆವತ್ತು ಏನೂ ಮಾತಾಡಲಿಲ್ಲ. ಆ ಮಾತಾಡದೇ ಇದ್ದದ್ದು ಇಷ್ಟು ದಿನ ಕೊರೀತಾ ಇದೆ, ಅದಕ್ಕೇ ಈ ಬರಹ. ಅಪ್ಪ ಹೇಳಿದ್ದು ಸರಿ, ಫೋನು ಹೇಳಿದ್ದು ಅರ್ಧ ಅನ್ನೋದು ನನ್ನ ವಾದ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

*

ಮೊದಲನೇ ಪ್ರಶ್ನೆ ಹುಡುಗ ಕೇಳಿದ್ದೇ. ಮಾತು ಕೇಳದವನಿಗೆ ಡಿಜೆ ಹೇಗೆ ಕೇಳಿಸ್ತು?

ನಮ್ಮ ಒಳಕಿವಿಯಲ್ಲಿ ಬಸವನ ಹುಳದ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ನಳಿಕೆ ಇದೆ. ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು ಮೂರೂವರೆ ಸೆಂಟಿಮೀಟರ್. ಅದರೊಳಗೆ ಉದ್ದಕ್ಕೂ ಒಂದು ಪೊರೆ, ಪೊರೆಯ ಮೇಲೆ ಸಣ್ಣ ಸಣ್ಣ ರೋಮಕೋಶಗಳು. ಸದ್ದು ಬಂದಾಗ ಈ ಪೊರೆಯ ಮೇಲೆ ಅಲೆ ಓಡುತ್ತೆ. ಸಣ್ಣ ದನಿ, ಅಂದ್ರೆ ಸೀಟಿ, ಹಕ್ಕಿ ಕೂಗು, ನಮ್ಮ ಮಾತಿನ ಸ-ಶ-ತ-ಕ, ಇವೆಲ್ಲ ಬಾಗಿಲ ಹತ್ತಿರವೇ ಪೊರೆಯನ್ನು ಜೋರಾಗಿ ಅಲ್ಲಾಡಿಸಿ ಅಲ್ಲೇ ಮುಗಿದು ಹೋಗ್ತವೆ. ದಪ್ಪ ದನಿಯ ಅಲೆ ಪೂರ್ತಿ ಒಳಗೆ, ಸುರುಳಿಯ ತುದಿಯವರೆಗೆ ಹೋಗುತ್ತೆ. ಇದನ್ನು ಕಂಡುಹಿಡಿದ ಹಂಗೇರಿ ಮೂಲದ ಬೆಕೆಶಿ ಅನ್ನೋ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಬಂತು.

ವಯಸ್ಸಾದ ಹಾಗೆ ಮೊದಲು ಸವೆಯೋದು ಬಾಗಿಲ ಕಡೆಯ ಕೋಶಗಳು. ಮನೆಯ ಹೊಸ್ತಿಲು ಮೊದಲು ಸವೀತದಲ್ಲ, ಹಾಗೆ. ಹಾಗಾಗಿ ಮುದುಕರಿಗೆ ಮೊದಲು ಹೋಗೋದು ಸಣ್ಣ ದನಿ. "ಸಕ್ಕರಿ"ಯ ಸ ಹೋಗುತ್ತೆ, "ಅಕ್ಕ" ಉಳಿಯುತ್ತೆ. ಸ್ವರ ಕೇಳುತ್ತೆ, ವ್ಯಂಜನ ಕೇಳೋದಿಲ್ಲ. ಅದಕ್ಕೇ ಅವರು "ನೀ ಮಾತಾಡೋದು ಕೇಳಸ್ತದ, ತಿಳಿಯಂಗಿಲ್ಲ" ಅಂತಾರೆ. ನಾವು ಇನ್ನೂ ಜೋರಾಗಿ ಕಿರುಚ್ತೀವಿ. ಆದರೆ ಸುರುಳಿಯ ತುದಿ, ಅಂದ್ರೆ ದಪ್ಪ ದನಿಯ ಜಾಗ, ಬಹಳ ಜನರಲ್ಲಿ ಕೊನೇವರೆಗೂ ಹೆಚ್ಚು ಕಡಿಮೆ ಗಟ್ಟಿಯಾಗೇ ಇರುತ್ತೆ.

ಅಂದ್ರೆ ನಮ್ಮಪ್ಪನಿಗೆ ಈಗ ಉಳಿದಿರೋ ಜಗತ್ತೇ ದಪ್ಪ ದನಿಗಳ ಜಗತ್ತು. ಅಲ್ಲಿ ಅವನು ನಮ್ಮಷ್ಟೇ ಕೇಳಬಲ್ಲ. ಇನ್ನೂ ಒಂದು ಮಾತಿದೆ. ನಮಗೆ ಆ ಧಮ್ ಧಮ್ ಜೊತೆಗೆ ಟಿವಿ, ಮಾತು, ಫ್ಯಾನು, ಮಕ್ಕಳ ಗಲಾಟೆ ಎಲ್ಲ ಸೇರಿ ಕೇಳುತ್ತೆ. ಅವನಿಗೆ ಅದೊಂದೇ ಕೇಳುತ್ತೆ.

*

ಅಪ್ಪ ಒಂದು ಕಾಲಕ್ಕೆ ಭಜನೆಯ ತಬಲಾ ಬಾರಿಸ್ತಿದ್ದ. ದೊಡ್ಡ ಕಲಾವಿದ ಏನಲ್ಲ. ನಮ್ಮ ಕಡೆ ಪ್ರತಿ ಹಳ್ಳಿಯಲ್ಲೂ ಇರ್ತಾರಲ್ಲ, ಅಮಾವಾಸ್ಯೆ-ಹುಣ್ಣಿಮೆಗೆ ತತ್ವಪದ ಹಾಡೋ ಮೇಳ, ಅದರಲ್ಲಿ ಒಬ್ಬ. ಕಡಕೋಳ ಮಡಿವಾಳಪ್ಪನವರ ಪದ ಅಂದ್ರೆ ರಾತ್ರಿ ಬೆಳಗಾದರೂ ಏಳ್ತಿರಲಿಲ್ಲ. ಅವನು ತಬಲಾ ಶ್ರುತಿ ಮಾಡೋದು ನೋಡೋದೇ ಒಂದು ಚೆಂದ. ಸುತ್ತಿಗೆಯಿಂದ ಬಲಗೈ ತಬಲಾ ಕಾಳಿ ಒಂದಕ್ಕೆ ಕೂಡಿಸಿ, ಆಮೇಲೆ ಎಡಗಡೆಯ ಡಗ್ಗಾದ ಮೇಲೆ ಅಂಗೈ ಒತ್ತಿ ಒಂದು "ಘೀಂ" ಎಳೆದು ತಲೆ ಅಲ್ಲಾಡಿಸೋನು. ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ.

ನಾನು ವಿಜ್ಞಾನ ಓದೋ ಕಾಲಕ್ಕೆ ಇದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದೆ. ಪೊರೆಯ ಯಾವ ಜಾಗ ಅಲ್ಲಾಡಿತು ಅನ್ನೋದರಿಂದಲೇ ಮಿದುಳು ದನಿಯ ಎತ್ತರ ಗುರುತಿಸೋದಾದರೆ, ದಪ್ಪ ದನಿಗಳಲ್ಲಿ ಅದು ಕಷ್ಟ. ಯಾಕಂದ್ರೆ ತುದಿಯ ಕಡೆ ಅಲೆ ಬಹಳ ಅಗಲವಾಗಿ ಹರಡಿಕೊಂಡಿರುತ್ತೆ, ನೂರು ಹರ್ಟ್ಜ್ ದನಿಯೂ ನೂರೆರಡು ಹರ್ಟ್ಜ್ ದನಿಯೂ ಹತ್ತಿರ ಹತ್ತಿರ ಅದೇ ಜಾಗವನ್ನೇ ಅಲ್ಲಾಡಿಸ್ತವೆ. ಆದರೂ ಪಳಗಿದ ಕಿವಿ ನೂರರ ಆಸುಪಾಸಿನಲ್ಲಿ ಸುಮಾರು ಒಂದು ಹರ್ಟ್ಜ್ ವ್ಯತ್ಯಾಸ ಹಿಡಿಯುತ್ತೆ!

ಅದರ ಗುಟ್ಟು ಇರೋದು ಜಾಗದಲ್ಲಿ ಅಲ್ಲ, ತಾಳದಲ್ಲಿ. ದಪ್ಪ ದನಿಯ ಪ್ರತಿ ಅಲೆ ಏರುವಾಗ ಕಿವಿಯ ನರ ಅದಕ್ಕೆ ಸರಿಯಾಗಿ ಮಿಡಿಯುತ್ತೆ. ಸೆಕೆಂಡಿಗೆ ನೂರು ಅಲೆ ಬಂದರೆ ನರಗಳ ಮಿಡಿತವೂ ಅದೇ ನೂರರ ತಾಳಕ್ಕೆ ಬೀಳುತ್ತೆ. ಮಿದುಳು ಆ ಮಿಡಿತಗಳ ನಡುವಿನ ಅಂತರ ಎಣಿಸುತ್ತೆ. ಸಣ್ಣ ದನಿಗಳಲ್ಲಿ, ಸೆಕೆಂಡಿಗೆ ನಾಲ್ಕೈದು ಸಾವಿರ ದಾಟಿದ ಮೇಲೆ, ನರಕ್ಕೆ ಆ ವೇಗದಲ್ಲಿ ತಾಳ ಹಿಡಿಯೋದು ಆಗೋದಿಲ್ಲ, ಅಲ್ಲಿ ಜಾಗವೇ ಗತಿ. ದಪ್ಪ ದನಿಯಲ್ಲಿ ಮಾತ್ರ ನಮ್ಮ ನರ ಸದ್ದಿನ ಜೊತೆ ತಾನೂ ತಾಳ ಹಾಕುತ್ತೆ.

ಆದರೆ ತಾಳ ಎಣಿಸಲಿಕ್ಕೆ ಸಮಯ ಬೇಕಲ್ಲ? 50 ಹರ್ಟ್ಜ್ ಅಂದ್ರೆ ಒಂದೊಂದು ಅಲೆಗೆ 20 ಮಿಲಿಸೆಕೆಂಡು. ಡಗ್ಗಾದ "ಘೀಂ" ಎಳೆದು ನಿಂತಾಗ ಕಿವಿಗೆ ಎಣಿಸಲಿಕ್ಕೆ ಸಾಕಷ್ಟು ಅಲೆ ಸಿಗ್ತವೆ, ಅದು ಸ್ವರವಾಗಿ ಕೇಳುತ್ತೆ. ಡಿಜೆಯ ಒಂದು "ಧಮ್"ನಲ್ಲಿ ನಾಲ್ಕೈದು ಅಲೆ ಇದ್ದರೆ ಹೆಚ್ಚು. ಅಷ್ಟರಲ್ಲಿ ಸ್ವರ ಗೊತ್ತಾಗೋದಿಲ್ಲ. ಗೊತ್ತಾಗೋದು ಪೆಟ್ಟು ಮಾತ್ರ. ಭೂಮಿಯೊಳಗಿನಿಂದ ಬರೋ ಗುಡುಗುಡು ಸಪ್ಪಳವೂ ಹೀಗೇ, ಸ್ವರ ಇಲ್ಲದ ಪೆಟ್ಟು. ಎರಡು ಓಣಿ ದಾಟಿ ಬಂದ ಮೇಲೆ ಇವೆರಡನ್ನೂ ಬೇರೆ ಮಾಡೋದು ಎಂಥಾ ಕಿವಿಗೂ ಸುಲಭ ಅಲ್ಲ.

ಇನ್ನೊಂದು ಮಜಾ ಕೇಳಿ. ನಾನು ಜೇವರ್ಗಿಗೆ ನೌಕರಿಗೆ ಹೋದ ಹೊಸದರಲ್ಲಿ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡ್ತಿದ್ದೆ. ಅಪ್ಪನದು ಗಡಸು ದನಿ. ಫೋನಿನಲ್ಲೂ ಅದೇ ಗಡಸು ದನಿ ಕೇಳ್ತಿತ್ತು. ಆದರೆ ಹಳೇ ಫೋನ್ ಲೈನು ಸಾಗಿಸ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಜ್ ಮಾತ್ರ. ಗಂಡಸಿನ ದನಿಯ ಮೂಲ ಇರೋದು ನೂರು-ನೂರೈವತ್ತರಲ್ಲಿ. ಅಂದ್ರೆ ಅಪ್ಪನ ದನಿಯ ಬುಡ ತಂತಿಯೊಳಗೆ ಬರ್ತಾನೇ ಇರಲಿಲ್ಲ! ಮೇಲಿನ ಪಟ್ಟುಗಳು, ಅಂದ್ರೆ 360, 480, 600 ಬಂದವು ಅಂದ್ರೆ, ಇವೆಲ್ಲ 120ರ ಮಡಿಗಳು, ಬುಡ 120 ಇರಲೇಬೇಕು ಅಂತ ಮಿದುಳು ತಾನೇ ಲೆಕ್ಕ ಹಾಕಿ ನನಗೆ ಅಪ್ಪನ ದನಿ ಕೇಳಿಸ್ತಿತ್ತು. ಈಗಿನ ಮೊಬೈಲ್ ಸ್ಪೀಕರಿನಲ್ಲೂ ನೀವು ಕೇಳೋ ಡಗ್ಗಾ ಬಹುಪಾಲು ನಿಮ್ಮ ಮಿದುಳು ಕಟ್ಟಿಕೊಂಡದ್ದೇ. ನಮ್ಮ ಸಿ.ವಿ. ರಾಮನ್ನರು ತಬಲಾ-ಮೃದಂಗದ ಬಗ್ಗೆ 1920ರಲ್ಲೂ 1934ರಲ್ಲೂ ಬರೆದಿದ್ದಾರೆ. ಬರೀ ಚರ್ಮದ ಡೋಲಿಗೆ ಈ ಮಡಿಗಳ ಸಂಬಂಧ ಇರೋದಿಲ್ಲ, ಬಲಗಡೆಯ ಚರ್ಮದ ಮೇಲೆ ಹಚ್ಚೋ ಆ ಕರಿ ಶಾಯಿಯಿಂದ ಅದು ಬರುತ್ತೆ, ಅದಕ್ಕೇ ತಬಲಾ ಸ್ವರಕ್ಕೆ ಕೂಡುತ್ತೆ ಅಂತ ತೋರಿಸಿದರು. ನಮ್ಮ ಹಿರಿಯರು ಕಿವಿಯಿಂದಲೇ ಕಂಡುಕೊಂಡಿದ್ದಕ್ಕೆ ರಾಮನ್ನರು ಲೆಕ್ಕ ಕೊಟ್ಟರು ಅನ್ನಬಹುದು.

*

ಈಗ ಫೋನಿನ ಲೆಕ್ಕಕ್ಕೆ ಬರೋಣ. ನನ್ನ ಜಗಳ ಇರೋದೇ ಇಲ್ಲಿ.

ಕಿವಿ ಎಲ್ಲ ದನಿಗೂ ಒಂದೇ ಥರ ತೆರೆದುಕೊಳ್ಳೋದಿಲ್ಲ. 1000 ಹರ್ಟ್ಜ್ ದನಿ ಎರಡು-ಮೂರು ಡೆಸಿಬೆಲ್ ಇದ್ದರೂ ಒಳ್ಳೇ ಕಿವಿಗೆ ಕೇಳುತ್ತೆ. 100 ಹರ್ಟ್ಜ್ ಕೇಳಬೇಕಾದರೆ ಸುಮಾರು 26 ಡೆಸಿಬೆಲ್ ಬೇಕು, 50ಕ್ಕೆ 44, 20 ಹರ್ಟ್ಜ್‌ಗೆ 78ಕ್ಕಿಂತ ಹೆಚ್ಚು. ಅಂದ್ರೆ ದಪ್ಪ ದನಿಗೆ ನಾವು ಹುಟ್ಟಾ ಅರೆಕಿವುಡರು. ಒಂದು ರೀತಿಯಲ್ಲಿ ಒಳ್ಳೇದೇ ಆಯ್ತು, ಇಲ್ಲದಿದ್ದರೆ ಗಾಳಿ, ನಮ್ಮದೇ ನಡಿಗೆ, ನಮ್ಮದೇ ರಕ್ತ ಹರಿಯೋ ಸದ್ದು ಎಲ್ಲ ಕೇಳಿ ಹುಚ್ಚು ಹಿಡೀತಿತ್ತು :-)

1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಇದನ್ನೆಲ್ಲ ಅಳೆದು ಗೆರೆ ಎಳೆದರು. ಆ ಗೆರೆಗಳಲ್ಲಿ ಒಂದನ್ನು ನೋಡಿಕೊಂಡು ಸದ್ದು ಅಳೆಯೋ ಮೀಟರಿಗೆ "ಎ" ಅನ್ನೋ ಸ್ಕೇಲ್ ಮಾಡಿದರು. ಕಿವಿಗೆ ಕಡಿಮೆ ಕೇಳೋ ದನಿಯನ್ನು ಮೀಟರೂ ಕಡಿಮೆ ಎಣಿಸಲಿ ಅಂತ. 100 ಹರ್ಟ್ಜ್ ದನಿಯಲ್ಲಿ 19 ಡೆಸಿಬೆಲ್ ಕಳೀರಿ, 63ರಲ್ಲಿ 26, 50ರಲ್ಲಿ 30, ಹೀಗೆ. ನಮ್ಮ 2000ದ ನಿಯಮದಲ್ಲೂ ಡೆಸಿಬೆಲ್ ಅಂದ್ರೆ ಈ ಎ-ಸ್ಕೇಲಿನ ಡೆಸಿಬೆಲ್ಲೇ. ಇದು ಮನುಷ್ಯರ ಕಿವಿಗೆ ಹೊಂದೋ ಸ್ಕೇಲ್ ಅಂತ ಅಲ್ಲೇ ಕೆಳಗೆ ವಿವರಣೆಯೂ ಇದೆ.

ತೊಂದರೆ ಏನಂದ್ರೆ, ಅವರು ಆರಿಸಿಕೊಂಡಿದ್ದು ಮೆಲುಸದ್ದಿನ ಗೆರೆ. ಸದ್ದು ಜೋರಾದ ಹಾಗೆ ಕಿವಿಯ ನಡತೆ ಬದಲಾಗುತ್ತೆ. ಸಾಮಾನ್ಯ ದನಿ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ತೀರ ದಪ್ಪ ದನಿಗೆ ಅದರ ಅರ್ಧ ಸಾಕು. ಅಲ್ಲಿ ಕೇಳಿಸೋದೇ ಇಲ್ಲ ಅನ್ನೋದಕ್ಕೂ ತಡೆಯಲಿಕ್ಕಾಗೋದಿಲ್ಲ ಅನ್ನೋದಕ್ಕೂ ನಡುವೆ ಮೆಟ್ಟಿಲು ಬಹಳ ಕಡಿಮೆ. ನಿಮಗೂ ಅನುಭವ ಇರಬೇಕು. ಮೆರವಣಿಗೆ ನಾಲ್ಕು ಓಣಿ ಆಚೆ ಇದ್ದಾಗ ಏನೂ ಇಲ್ಲ, ಮೂರನೇ ಓಣಿಗೆ ಬಂದಾಗ ಏನೋ ಒಂದು ಗುಂಯ್, ಎರಡನೇ ಓಣಿಗೆ ಬಂತೋ, ಎದೆಯೊಳಗೇ ಕೂತು ಗುದ್ದಿದ ಹಾಗೆ.

ಲೆಕ್ಕ ಹಾಕಿ ನೋಡಿ. 63 ಹರ್ಟ್ಜ್‌ನ 80 ಡೆಸಿಬೆಲ್ ಸದ್ದು ಒಂದು ಅಂಗಳಕ್ಕೆ ಬಂದರೆ ಎ-ಸ್ಕೇಲಿನಲ್ಲಿ ಅದು ಕಾಣೋದು 80ರಲ್ಲಿ 26 ಕಳೆದು 54! ಆ ಹುಡುಗನ ಫೋನು ತೋರಿಸಿದ ಅಂಕಿ ನೆನಪಿದೆಯಲ್ಲ? ಆವತ್ತು ಖಂಡಿತ ಹಾಗೇ ಆಗಿತ್ತು ಅಂತ ನಾನು ಹೇಳ್ತಿಲ್ಲ, ಫೋನಿನ ಆ್ಯಪ್ ನಂಬೋದೂ ಕಷ್ಟ. ಫೋನಿನ ಮೈಕು ಮಾಡಿರೋದು ಮನುಷ್ಯರ ಮಾತಿಗೆ, ಎಷ್ಟೋ ಫೋನುಗಳು ದಪ್ಪ ದನಿಯನ್ನು ಹೊಸ್ತಿಲಲ್ಲೇ ಸೋಸಿ ಬಿಡ್ತವೆ. ಅಂಕಿ ಕಡಿಮೆ ಇದೆ ಅಂದ ಮಾತ್ರಕ್ಕೆ ಸದ್ದು ಕಡಿಮೆ ಇದೆ ಅಂತ ಅರ್ಥ ಅಲ್ಲ ಅನ್ನೋದಷ್ಟೇ ನಾನು ಹೇಳೋದು.

ಡಿಜೆ ಗಾಡಿಯ ಮುಂದೆಯೇ ಮೀಟರ್ ಹಿಡಿದರೆ ಎ-ಸ್ಕೇಲಿನಲ್ಲೂ ಮಿತಿ ದಾಟಿರುತ್ತೆ, ಅದು ಬೇರೆ ಮಾತು. ನಾನು ಹೇಳ್ತಿರೋದು ಎರಡು ಓಣಿ ಆಚೆಯ ಮನೆಯ ಒಳಗಿನ ಕಥೆ. ಅಲ್ಲಿಗೆ ಹಾಡು ತಲುಪೋದಿಲ್ಲ, ಪದ ತಲುಪೋದಿಲ್ಲ, ಬೇಸ್ ಒಂದೇ ತಲುಪುತ್ತೆ. ಯಾಕಂದ್ರೆ ಸಣ್ಣ ದನಿಯನ್ನು ಗೋಡೆ ತಡೆಯುತ್ತೆ, ಬಾಗಿಲು ತಡೆಯುತ್ತೆ, ದೂರದ ಗಾಳಿಯೇ ಸ್ವಲ್ಪ ಕುಡಿದು ಬಿಡುತ್ತೆ. 50 ಹರ್ಟ್ಜ್ ಅಲೆಯ ಉದ್ದ ಸುಮಾರು ಏಳು ಮೀಟರ್. ನಮ್ಮ ಖೋಲಿಗಿಂತ ದೊಡ್ಡದು! ಅದು ಮೂಲೆ ಸುತ್ತಿ ಬರುತ್ತೆ, ಗೋಡೆ ಅಲ್ಲಾಡಿಸಿಕೊಂಡು ಬರುತ್ತೆ, ಪತ್ರಾಸ್ ಮನೆಯಾದರಂತೂ ಮಾಡೇ ನಡುಗುತ್ತೆ. ಯಾವ ಕಡೆಯಿಂದ ಬಂತು ಅಂತಾನೂ ಮನೆಯೊಳಗೆ ತಿಳಿಯೋದಿಲ್ಲ. ಎರಡು ಕಿವಿಗಳ ನಡುವೆ ಒಂದು ಗೇಣೂ ಇಲ್ಲ, ಅಷ್ಟರಲ್ಲಿ ಏಳು ಮೀಟರ್ ಉದ್ದದ ಅಲೆ ಹೆಚ್ಚು ಕಡಿಮೆ ಒಂದೇ ಥರ ಇರುತ್ತೆ, ಮೇಲೆ ಗೋಡೆಗಳಿಂದ ತಿರುಗಿ ಬಂದದ್ದೂ ಕೂಡಿಕೊಳ್ಳುತ್ತೆ. ಹಾಗಾಗಿ ಅದು ಎಲ್ಲ ಕಡೆಯಿಂದಲೂ ಬಂದ ಹಾಗೆ, ಕಾಲ ಕೆಳಗಿನಿಂದ ಬಂದ ಹಾಗೆ ಅನ್ನಿಸುತ್ತೆ.

ಅಕ್ಕನಿಗೂ ಇಂಥದ್ದೇ ಅನುಭವ. 2020ರ ಅಕ್ಟೋಬರಿನಲ್ಲಿ ಭೀಮಾ ನದಿಗೆ ಮಹಾಪೂರ ಬಂದು ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟಾಗ ಅವಳು ಹೊಳೆ ಕಡೆಯ ನೆಂಟರ ಮನೆಯಲ್ಲಿದ್ದಳು. "ಹೊಳಿ ಸಪ್ಪಳ ಕಿವಿಗಿಂತ ಮೊದ್ಲ ಎದಿಗೆ ಬಂತೋ ತಮ್ಮಾ. ಯಾ ದಿಕ್ಕಿಂದು ಅಂತಾನೇ ತಿಳೀಲಿಲ್ಲ" ಅಂದಿದ್ದಳು.

*

ಅಪ್ಪ ಆವತ್ತು "ಡಿಜೆ ಬಂತು" ಅನ್ನಲಿಲ್ಲ, "ಭೂಮಿ ನಡಗಲಾಕತ್ತದ" ಅಂದ. ಅದು ಮರೆವು ಅಲ್ಲ, ನೆನಪು.

1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕಕ್ಕೆ ಐದು ನಿಮಿಷ ಇರಬೇಕಾದರೆ ಕಿಲ್ಲಾರಿ ಭೂಕಂಪ ಆಯಿತು. ಕಿಲ್ಲಾರಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯದ್ದಾದರೂ ಆಳಂದದಿಂದ ನೆಟ್ಟಗೆ ಉತ್ತರಕ್ಕೆ 50 ಕಿಲೋಮೀಟರ್ ಆಸುಪಾಸು. ಗಣಪತಿ ಕಳಿಸಿ ಬಂದು ಜನ ದಣಿದು ಮಲಗಿದ್ದ ರಾತ್ರಿ. ಸುಮಾರು ಹತ್ತು ಸಾವಿರ ಜನ ಸತ್ತರು, ಬಹಳ ಜನ ಕಲ್ಲು-ಮಣ್ಣಿನ ದಪ್ಪ ಗೋಡೆಗಳ ಕೆಳಗೆ. ನಮ್ಮೂರಿನ ಮನೆಗಳೂ ಅಂಥವೇ. ಅಪ್ಪ ಈಗಲೂ ಹೇಳ್ತಾನೆ, ಮೊದಲು ಸಪ್ಪಳ ಬಂತು, ಆಮೇಲೆ ನಡುಕ ಬಂತು ಅಂತ. ಆ ಸಪ್ಪಳಕ್ಕೆ ಎದ್ದು ನಮ್ಮನ್ನೆಲ್ಲ ಎಳೆದುಕೊಂಡು ಅಂಗಳಕ್ಕೆ ಬಂದಿದ್ದ. ಕಟ್ಟುಕಥೆ ಅಲ್ಲ ಇದು. ಭೂಕಂಪದ ಮೊದಲ ಅಲೆ ಸೆಕೆಂಡಿಗೆ ಸುಮಾರು ಆರು ಕಿಲೋಮೀಟರ್ ಓಡುತ್ತೆ, ಜೋರಾಗಿ ಅಲ್ಲಾಡಿಸೋ ಎರಡನೇ ಅಲೆ ಮೂರೂವರೆ. ಐವತ್ತು ಕಿಲೋಮೀಟರ್ ದೂರದಲ್ಲಿ ಎರಡರ ನಡುವೆ ಐದಾರು ಸೆಕೆಂಡು ಸಿಗುತ್ತೆ. ಮೊದಲ ಅಲೆ ನೆಲದಿಂದ ಗಾಳಿಗೆ ದಾಟುವಾಗ ದಪ್ಪ ಗುಡುಗಿನ ಹಾಗೆ ಕೇಳುತ್ತೆ. ಆ ಐದಾರು ಸೆಕೆಂಡು ಅಪ್ಪನ ಮೈಯಲ್ಲಿ ಮೂವತ್ತು ವರ್ಷದ ಮೇಲೂ ಉಳಿದುಕೊಂಡಿದೆ.

ಕಿಲ್ಲಾರಿಯಲ್ಲಿ ಅದಕ್ಕೂ ಒಂದು ವರ್ಷ ಮೊದಲು, 1992ರಲ್ಲೇ, ಸಣ್ಣ ಸಣ್ಣ ಕಂಪನಗಳು ಆಗಿದ್ದವು. ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರಿನಲ್ಲಿ ಭೂಮಿಯೊಳಗಿನಿಂದ ಸಪ್ಪಳ ಬರ್ತದೆ ಅಂತ ಜನ ಮನೆ ಬಿಟ್ಟು ಹೊರಗೆ ಮಲಗಿದರು, ಎಷ್ಟೋ ಜನ ಊರೇ ಬಿಟ್ಟರು. ದೂರದಲ್ಲಿದ್ದ ನಾವು ವಾಟ್ಸಾಪಿನಲ್ಲಿ ಜೋಕು ಮಾಡಿದ್ವಿ. ಅದರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ. ಆಮೇಲೆ ಯಂತ್ರಗಳಲ್ಲೂ ಕಂಪನ ದಾಖಲಾಯಿತು. ಕಡಿಮೆ ಆಳದ ಸಣ್ಣ ಕಂಪನಗಳು ಮೈಗೆ ನಡುಕ ಗೊತ್ತಾಗದಷ್ಟು ಚಿಕ್ಕವಿದ್ದರೂ ಹತ್ತಿರದವರಿಗೆ ಧಡ್ ಅಂತ ಕೇಳಬಹುದು, ಇದು ವಿಜ್ಞಾನಕ್ಕೆ ಗೊತ್ತಿರೋ ವಿಷಯವೇ. ಕೇಳಿದವರು ಖರೇನೇ ಕೇಳಿದ್ದರು.

ಇಂಥ ನೆಲದ ಮೇಲೆ ಬದುಕೋ ಜನರಿಗೆ, ಕತ್ತಲಲ್ಲಿ ಗೋಡೆ ಅಲ್ಲಾಡಿಸೋ ದಪ್ಪ ಸದ್ದು ಬರೀ "ಎಂಜಾಯ್" ಅಲ್ಲ ಸ್ವಾಮೀ. ಅದು ಬೇರೇನನ್ನೋ ಕರೆಯುತ್ತೆ.

*

ಹಾಗಾದರೆ ಹಬ್ಬ ಬೇಡವಾ, ಮದುವೆಗೆ ಕುಣೀಬಾರದಾ ಅಂತ ಕೇಳ್ತೀರಿ. ನಾನೇ ಅಕ್ಕನ ಮಗನ ಮದುವೆಯಲ್ಲಿ ಅಫಜಲಪುರದ ಬೀದಿಯಲ್ಲಿ ಇದೇ ಬೇಸಿಗೆ ಕುಣಿದಿದ್ದೀನಿ. ಬೇಸಿನಲ್ಲಿ ಒಂದು ಮತ್ತು ಇದೆ, ಕಾಲು ತಾನೇ ಏಳುತ್ತೆ. ಡಿಜೆ ಇಟ್ಟವರೂ ನಮ್ಮದೇ ಹುಡುಗರು, ಸಾಲ ಮಾಡಿ ಸ್ಪೀಕರ್ ತಂದು ಸೀಜನ್‌ನಲ್ಲಿ ದುಡೀತಾರೆ. ಅವರ ಹೊಟ್ಟೆ ಮೇಲೆ ಹೊಡೀಬೇಕು ಅಂತ ನನ್ನ ವಾದ ಅಲ್ಲ. ಹಲಗೆ, ಡೊಳ್ಳು ನಮ್ಮಲ್ಲಿ ಯಾವತ್ತೂ ಇದ್ದವು, ಅವೂ ಸಪ್ಪಳವೇ. ಆದರೆ ಬಾರಿಸೋನ ಕೈ ಸೋಲುತ್ತೆ, ನಡುವೆ ನಿಂತು ನೀರು ಕುಡೀತಾನೆ. ಆಂಪ್ಲಿಫೈಯರ್ ಸೋಲೋದಿಲ್ಲ.

ನನ್ನ ಬೇಡಿಕೆ ಎರಡೇ.

ಒಂದು, ಅಳೆಯೋದಾದರೆ ಪೂರ್ತಿ ಅಳೀರಿ. ಎಷ್ಟೋ ಒಳ್ಳೇ ಮೀಟರುಗಳಲ್ಲಿ "ಎ" ಜೊತೆಗೆ "ಸಿ" ಅನ್ನೋ ಸ್ಕೇಲೂ ಇರುತ್ತೆ. ಸಿ-ಸ್ಕೇಲು ದಪ್ಪ ದನಿಯನ್ನು ಕಳೆಯೋದು ಬಹಳ ಕಡಿಮೆ, 63 ಹರ್ಟ್ಜ್‌ನಲ್ಲಿ ಒಂದು ಡೆಸಿಬೆಲ್ ಕೂಡ ಇಲ್ಲ. ಎರಡೂ ನೋಡಿ. ಸಿ-ಅಂಕಿ ಎ-ಅಂಕಿಗಿಂತ 10ಕ್ಕೂ ಹೆಚ್ಚಿದ್ದರೆ ದಪ್ಪ ದನಿಯನ್ನು ಬೇರೆಯಾಗಿ ಪರೀಕ್ಷೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಜರ್ಮನಿ, ಡೆನ್ಮಾರ್ಕ್‌ಗಳಲ್ಲಿ ಮನೆಯೊಳಗೆ ಬರೋ ದಪ್ಪ ದನಿಗೆ ಬೇರೆ ಅಳತೆಯೇ ಇದೆ. ನಮ್ಮ ನಿಯಮ ಬಂದು ಇಪ್ಪತ್ತೈದು ವರ್ಷ ದಾಟಿತು. ಆ ನಿಯಮ ಬರೆಯುವಾಗ ಟ್ರ್ಯಾಕ್ಟರ್ ಮೇಲೆ ಮನೆ ಎತ್ತರದ ಬೇಸ್ ಡಬ್ಬಿ ಹೇರಿಕೊಂಡು ಆಳಂದದ ಓಣಿಯಲ್ಲಿ ಬರ್ತಾರೆ ಅಂತ ಯಾರು ಅಂದುಕೊಂಡಿದ್ದರು? ಡಿಜೆ ಹುಡುಗರಿಗೂ ಒಂದು ಮಾತು. ಮಿಕ್ಸರಿನಲ್ಲಿ ಬೇಸ್ ಗುಂಡಿ ಸ್ವಲ್ಪ ಇಳಿಸಿದರೆ ಗಾಡಿ ಮುಂದೆ ಕುಣಿಯೋರಿಗೆ ಅಷ್ಟೇನೂ ಫರಕ್ ಬೀಳೋದಿಲ್ಲ. ಎರಡು ಓಣಿ ಆಚೆ ಮಲಗಿದವರಿಗೆ ಬಹಳ ಬೀಳುತ್ತೆ. ಬೇಸ್ ಇಳಿದರೆ ಹಾಡಿನ ಪದವೂ ಕೇಳುತ್ತೆ. ಜೋರಾದ ದಪ್ಪ ದನಿಯ ಅಲೆ ತುದಿಗೆ ಹೋಗುವಾಗ ಬಾಗಿಲ ಹತ್ತಿರದ ಸಣ್ಣ ದನಿಗಳನ್ನೆಲ್ಲ ತುಳಿದುಕೊಂಡೇ ಹೋಗುತ್ತೆ, ಅದಕ್ಕೇ ಡಿಜೆ ಮುಂದೆ ನಿಂತವರಿಗೆ ಪಕ್ಕದವನ ಮಾತು ಕೇಳೋದಿಲ್ಲ.

ಎರಡು, ಇನ್ನೂ ಸಣ್ಣದು. "ನನಗ ಕೇಳಸ್ತು" ಅಂತ ಯಾರಾದರೂ ಅಂದರೆ ಮೊದಲು ನಗಬೇಡಿ. ಕೇಳೋ ಮಿತಿ ಒಬ್ಬೊಬ್ಬರದೂ ಒಂದೊಂದು. ದಪ್ಪ ದನಿಯಲ್ಲಿ ನಿಮ್ಮ ಮಿತಿಗಿಂತ ಅವರದು ಸ್ವಲ್ಪ ಕೆಳಗಿದ್ದರೂ ಸಾಕು, ನಿಮಗೆ ನಿಶ್ಶಬ್ದವಾಗಿರೋ ಮನೆ ಅವರಿಗೆ ಗುಡುಗ್ತಿರುತ್ತೆ. ಓಣಿಯವರು ನಕ್ಕಾಗ ಅಪ್ಪನ ಪಕ್ಕ ನಿಂತು "ಹೌದು, ಖರೇ ಸಪ್ಪಳ ಅದ" ಅಂತ ನಾನು ಒಂದು ಮಾತು ಅನ್ನಬಹುದಿತ್ತು. ವಿಜ್ಞಾನದ ಮಾಸ್ತರನಿಗೆ ಅಷ್ಟೂ ಹೊಳೆಯಲಿಲ್ಲ.

ಮೊನ್ನೆ ಹೋದಾಗ ಅಟ್ಟದ ಮೇಲಿನ ಹಳೇ ಡಗ್ಗಾ ಇಳಿಸಿ, ಧೂಳು ಒರೆಸಿ, ಅಪ್ಪನ ಮುಂದೆ ಇಟ್ಟೆ. ಅಣ್ಣನ ಮಗಳು ಸುಮ್ಮನೆ ಬೆರಳಾಡಿಸಿದಳು. ಅಪ್ಪ ಆ ಕಡೆ ಮುಖ ಮಾಡಿ ಬಾಗಿಲ ಹೊರಗೆ ನೋಡ್ತಾ ಕೂತಿದ್ದ. ತಿರುಗದೇ ಹೇಳಿದ, "ಭಾಳ ಇಳದದಲೇ ಅದು, ವಾದಿ ಬಿಗಿ ಮಾಡು."

ನಿಮ್ಮ ಮನೆಯಲ್ಲೂ ಹೀಗೆ "ಕಿವಿ ಕೇಳದ" ಹಿರಿಯರು ಇದ್ದರೆ, ಅವರಿಗೆ ಏನೇನು ಕೇಳುತ್ತೆ ಅಂತ ಒಮ್ಮೆ ಕೇಳಿ ನೋಡಿ. ಕೇಳಿದ್ದನ್ನು ಬರೀರಿ, ಓದಲಿಕ್ಕೆ ನಾನಿದ್ದೀನಿ.